ಗಣಿಯ ಮಾತು ಯಾರ ಸೊತ್ತು?

ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂಗೆ ಹೋಗುವ ಕವಲು ರೈಲುಮಾರ್ಗದ ಉದ್ದ ಬರೀ 16 ಕಿಲೋಮೀಟರ್. ಅಷ್ಟರಲ್ಲೇ ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳು ಸಿಗುತ್ತವೆ. ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರು ದಿನವೂ ನೋಡುವ ಹೆಸರುಗಳಿವು. ಕೋರಮಂಡಲ್ ಮೂಲದಲ್ಲಿ ಚೋಳಮಂಡಲ. ಯುರೋಪಿನ ನಾವಿಕರ ಬಾಯಲ್ಲಿ ರೂಪ ಬದಲಿಸಿ, ಒಂದು ಗಣಿ ಕಂಪನಿಯ ಹೆಸರಾಗಿ ಮತ್ತೆ ನಮ್ಮ ನೆಲಕ್ಕೇ ಬಂದಿಳಿದ ಪದ. ಚಾಂಪಿಯನ್ ಎಂದರೆ ನಮಗೆ ಆಟದಲ್ಲಿ ಗೆದ್ದವನು. ಆ ಪದದ ಬುಡದಲ್ಲಿರುವುದು ಬಯಲು, ರಣರಂಗ ಎಂಬರ್ಥದ ಲ್ಯಾಟಿನ್ ಪದ. ಅಲ್ಲಿ ನಿಂತು ಕಾದುವವನು ಚಾಂಪಿಯನ್. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಒಂದು ಗಣಿಯ ಹಲವು ಅದಿರುಸಾಲುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಈ ಹೆಸರಿನಿಂದ ಕರೆಯುತ್ತಿದ್ದರು. ಬಂಗಾರಪೇಟೆಯೂ ಮೊದಲು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೆಂಥಮ್ ಬೌರಿಂಗರ ಹೆಸರು ಅದಕ್ಕಿತ್ತು. ನಾನು ಹೇಳಬೇಕೆಂದಿರುವುದು ಇಷ್ಟು: ಇಂಗ್ಲಿಷಿನಲ್ಲಿ ಅಪರೂಪವೆನಿಸಿಕೊಂಡ ಎಷ್ಟೋ ನಾಮಪದಗಳು ಕೋಲಾರ ಜಿಲ್ಲೆಯ ಈ ಒಂದು ಮೂಲೆಯಲ್ಲಿ, ಕೋಲಾರ ಚಿನ್ನದ ಗಣಿಗಳಿದ್ದ ಕೆಜಿಎಫ್‌ನಲ್ಲಿ, 120 ವರ್ಷ ದಿನಬಳಕೆಯ ಮಾತಾಗಿದ್ದವು. ಅವುಗಳ ಅರ್ಥವನ್ನೂ ಹುಟ್ಟನ್ನೂ ಹುಡುಕುತ್ತ ಹೋದರೆ, ಅವು ಯಾವುದೇ ಒಂದು ಭಾಷೆಯ ಸೊತ್ತಾಗಿರದೆ ದುಡಿದವರ ಸೊತ್ತಾಗಿದ್ದವು ಎಂದು ತಿಳಿಯುತ್ತದೆ. ದುಡಿದವರಲ್ಲಿ ನಮ್ಮವರೂ ಇದ್ದರು. ಹಾಗಾಗಿ ಅವನ್ನು ಉಳಿಸಿಕೊಳ್ಳುವ ಹೊಣೆ ಕನ್ನಡಕ್ಕೂ ಇದೆ.

ಈ ಪದಗಳು ಇಲ್ಲಿಗೆ ಬಂದ ದಾರಿಯನ್ನು ಮೊದಲು ನೋಡೋಣ. ಟಿಪ್ಪು ಸುಲ್ತಾನರ ಪತನದ ನಂತರ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಉರಿಗಾಂ, ಮಾರಿಕುಪ್ಪಂ ಸುತ್ತಿನ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡರು. ನ್ಯೂಜಿಲೆಂಡಿನ ಯುದ್ಧದಲ್ಲಿ ಸೈನಿಕರಾಗಿದ್ದು ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದ ಮೈಕೆಲ್ ಲವೆಲ್ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಗಣಿಗಾರಿಕೆಯ ಗುತ್ತಿಗೆ ಪಡೆದರು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೆಲಸಕ್ಕೆ ಕೈ ಹಾಕಿತು. ಆ ಮನೆತನ ಗಣಿವಿದ್ಯೆ ಕಲಿತದ್ದು ಕಾರ್ನ್‌ವಾಲ್, ಡೆವನ್ ಸೀಮೆಗಳ ತವರ, ತಾಮ್ರದ ಗಣಿಗಳಲ್ಲಿ. ಆ ಗಣಿಗಳು ಸೊರಗತೊಡಗಿದ್ದ ಕಾಲ ಅದು; ಕೆಲಸ ಕಳೆದುಕೊಂಡ ಕಾರ್ನ್‌ವಾಲಿನ ಗಣಿಗಾರರು ಆಸ್ಟ್ರೇಲಿಯಕ್ಕೆ, ಆಫ್ರಿಕಕ್ಕೆ, ಅಮೆರಿಕಕ್ಕೆ ವಲಸೆ ಹೋದರು, ಕೋಲಾರಕ್ಕೂ ಬಂದರು. ಅವರಲ್ಲೊಬ್ಬರಾದ ಕ್ಯಾಪ್ಟನ್ ಪ್ಲಮರ್ ಹಿಂದಿನವರು ತೋಡಿ ಬಿಟ್ಟಿದ್ದ ಕುಳಿಗಳ ಕೆಳಗೆ ಚಾಂಪಿಯನ್ ಸಾಲನ್ನು ಪತ್ತೆಹಚ್ಚಿದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಗಣಿಗಳು ಬೆಳೆದವು. ಇಲ್ಲಿ ಕ್ಯಾಪ್ಟನ್ ಎಂದರೆ ಸೈನ್ಯದವನೂ ಅಲ್ಲ, ಹಡಗಿನವನೂ ಅಲ್ಲ. ನೆಲದಡಿಯ ಕೆಲಸದ ಮೇಲ್ವಿಚಾರಕ. ಆ ಅರ್ಥವೂ ಕಾರ್ನ್‌ವಾಲಿನಿಂದಲೇ ಬಂತು.

ಗಣಿಗೆ ಜೀವವೇ ಅದಿರಿನ ಸಾಲು. ಅದಕ್ಕೆ ಕಾರ್ನ್‌ವಾಲಿನವರು ‘ಲೋಡ್’ ಎನ್ನುತ್ತಿದ್ದರು. ಇದರ ಹಳೆಯ ಅರ್ಥ ದಾರಿ, ಸಾಗುವಿಕೆ. ದಾರಿಯಲ್ಲಿ ಸಾಗಿಸುವ ಹೊರೆಗೂ ಅದೇ ಹೆಸರು ಬಂದು, ಕಾಲಾಂತರದಲ್ಲಿ ಎರಡೂ ಬೇರೆ ಬೇರೆ ಕಾಗುಣಿತದ ಎರಡು ಪದಗಳಾದವು. ನಮ್ಮ ಲಾರಿಯವರು ‘ಲೋಡು ಬಂತು’ ಎನ್ನುವಾಗಿನ ಲೋಡು ಈ ಅದಿರುಸಾಲಿನ ಒಡಹುಟ್ಟು. ದಿಕ್ಕು ತೋರುವ ಧ್ರುವನಕ್ಷತ್ರಕ್ಕೂ ಸೂಜಿಗಲ್ಲಿಗೂ ಇಂಗ್ಲಿಷಿನಲ್ಲಿರುವ ಹೆಸರುಗಳಲ್ಲಿ ಇದೇ ‘ಲೋಡ್’ ಇದೆ, ಏಕೆಂದರೆ ಅವೂ ದಾರಿ ತೋರುತ್ತವೆ. ಇನ್ನು ಚಿನ್ನದ ಸುತ್ತ ಇರುವ, ಕೆಲಸಕ್ಕೆ ಬಾರದ ಕಲ್ಲಿಗೆ ‘ಗ್ಯಾಂಗ್’ ಎನ್ನುತ್ತಾರೆ. ಇದು ಜರ್ಮನ್ ಗಣಿಗಾರರ ಮಾತು. ಫ್ರೆಂಚರ ಮೂಲಕ ಇಂಗ್ಲಿಷಿಗೆ ಬಂತು. ಜರ್ಮನ್ನಿನಲ್ಲೂ ಅದರ ಅರ್ಥ ನಡಿಗೆ, ಹಾದಿ. ಬಂಡೆಯೊಳಗಿನ ಅದಿರು ಎತ್ತ ತಿರುಗುತ್ತದೆ, ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ಮಾಯವಾಗುತ್ತದೆ ಎಂದು ಅದರ ಬೆನ್ನು ಹತ್ತಿ ಹೋಗುವವನಿಗೆ ಅದು ದಾರಿಯಾಗಿಯೇ ತೋರಬೇಕು. ಎರಡು ದೇಶಗಳ ಗಣಿಗಾರರು ಎರಡು ಮಾತಿನಲ್ಲಿ ಒಂದೇ ಹೆಸರಿಟ್ಟದ್ದಕ್ಕೆ ಕಾರಣ ಕೆಲಸದ ಅನುಭವ ಒಂದೇ ಆಗಿದ್ದದ್ದು. ಮೂರನೆಯ ಪದ ‘ರೀಫ್’. ಇದರ ಮೂಲ ಉತ್ತರ ಯುರೋಪಿನ ಕಡಲವರ ಮಾತಿನಲ್ಲಿದೆ. ಅಲ್ಲಿ ಅದು ಪಕ್ಕೆಲುಬು. ನೀರಿನಡಿ ಪಕ್ಕೆಲುಬಿನಂತೆ ಎದ್ದ ಬಂಡೆಸಾಲು ರೀಫ್ ಆಯಿತು. 1850ರ ದಶಕದಲ್ಲಿ ಆಸ್ಟ್ರೇಲಿಯದ ಚಿನ್ನದ ಬೇಟೆಗಾರರು ನೆಲದಿಂದ ಮೇಲೆದ್ದ ಬೆಣಚುಕಲ್ಲಿನ ಸಾಲಿಗೆ ಅದೇ ಹೆಸರನ್ನು ಕೊಟ್ಟರು. ಹೀಗೆ ಸಮುದ್ರವೇ ಇಲ್ಲದ ಕೋಲಾರದ ಬಯಲಿನಲ್ಲಿ ಒಂದು ಊರು ಚಾಂಪಿಯನ್ ರೀಫ್ ಆಯಿತು.

ಪದದ ಅರ್ಥ ಕೆಲಸದಲ್ಲೇ ಇದೆ ಎಂಬುದಕ್ಕೆ ‘ಸ್ಟೋಪ್’ ಎಂಬ ಒಂದನ್ನೇ ಹತ್ತಿರದಿಂದ ನೋಡಿದರೆ ಸಾಕು. ಸಾಮಾನ್ಯ ಇಂಗ್ಲಿಷ್ ಓದುಗರಿಗೆ ಈ ಪದ ಗೊತ್ತಿರುವುದಿಲ್ಲ; ಕೆಜಿಎಫ್‌ನಲ್ಲಿ ಅದು ಗೊತ್ತಿಲ್ಲದ ಗಣಿ ಕುಟುಂಬ ಇರಲಿಲ್ಲ. ಮೊದಲು ನೆಲದಿಂದ ಕೆಳಕ್ಕೆ ಬಾವಿಯಂತೆ ಶಾಫ್ಟ್ ಇಳಿಸುತ್ತಾರೆ. ಅದರಿಂದ ಸುಮಾರು 100 ಅಡಿಗೊಂದರಂತೆ ಅಡ್ಡ ಸುರಂಗಗಳನ್ನು ಕೊರೆಯುತ್ತಾರೆ. ಒಂದೊಂದೂ ಒಂದು ಲೆವೆಲ್. ಮೇಲಿನ ಲೆವೆಲ್ಲಿನಿಂದ ಕೆಳಕ್ಕೆ ತೋಡಿದ ಕಿರುಕಂಡಿ ‘ವಿಂಜ್’, ಕೆಳಗಿನಿಂದ ಮೇಲಕ್ಕೆ ತೋಡಿದ್ದು ‘ರೈಸ್’. ಎರಡು ಲೆವೆಲ್‌ಗಳ ನಡುವೆ ಹೀಗೆ ಚೌಕ ಕಟ್ಟಿದ ಮೇಲೆ ಅದರೊಳಗಿನ ಅದಿರನ್ನು ಹಂತಹಂತವಾಗಿ ಒಡೆದು ತೆಗೆಯುವ ಜಾಗವೇ ಸ್ಟೋಪ್. ಗೋಡೆ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ. ಪದವೂ ಮೆಟ್ಟಿಲು ಎಂಬರ್ಥದ ಇಂಗ್ಲಿಷಿನ ‘ಸ್ಟೆಪ್’ ಕುಲದ್ದೇ ಎಂದು ಬಲ್ಲವರು ಹೇಳುತ್ತಾರೆ. ಸಾಲು ಇಕ್ಕಟ್ಟಾದಷ್ಟೂ ಕೆಲಸದ ಜಾಗವೂ ಇಕ್ಕಟ್ಟು. ಬಾಗಿ, ಕೂತು, ಕೆಲವೆಡೆ ಮಲಗಿಯೇ ತೂತು ಹೊಡೆಯಬೇಕು. ಅದಿರು ತೆಗೆದ ಮೇಲೆ ಉಳಿದ ಪೊಳ್ಳು ಕುಸಿಯದಂತೆ ತಡೆಯಲು ಕೋಲಾರದಲ್ಲಿ ಮರದ ಕಂಬಗಳನ್ನಷ್ಟೇ ನೆಚ್ಚಿಕೊಳ್ಳಲಿಲ್ಲ. ಮೇಲಿನಿಂದ ಗ್ರಾನೈಟ್ ದಿಮ್ಮಿಗಳನ್ನು ಇಳಿಸಿ, ಒಂದರ ಮೇಲೊಂದು ಒತ್ತಾಗಿ ಜೋಡಿಸಿ, ಗಾರೆಯಿಲ್ಲದ ಗೋಡೆ ಕಟ್ಟಿದರು. ಕಾರ್ನ್‌ವಾಲಿನವರ ಸ್ಟೋಪ್ ಎಂಬ ಪದ ಕೋಲಾರಕ್ಕೆ ಬಂದ ಮೇಲೆ ಈ ಕಲ್ಲುಕಟ್ಟಡವನ್ನೂ ತನ್ನ ಅರ್ಥದೊಳಗೆ ಸೇರಿಸಿಕೊಂಡಿತು. ಇಂಗ್ಲಿಷ್ ನಿಘಂಟು ಈ ಎರಡನೆಯ ಅರ್ಥವನ್ನು ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಆ ಗೋಡೆ ಕಟ್ಟಿದವರು ಮಾತ್ರ.

ಗಣಿಯ ಸಲಕರಣೆಗಳ ಹೆಸರುಗಳಿಗೂ ಇಂಥದೇ ಚರಿತ್ರೆಯಿದೆ. ಶಾಫ್ಟ್ ತೋಡುವಾಗ ಕಲ್ಲನ್ನು ಮೇಲಕ್ಕೆತ್ತುವ ದೊಡ್ಡ ಬಕೆಟ್ಟಿಗೆ ‘ಕಿಬಲ್’ ಎನ್ನುತ್ತಾರೆ. ಅದು ಜರ್ಮನ್ನಿನ ‘ಕ್ಯೂಬೆಲ್’, ಅಂದರೆ ತೊಟ್ಟಿ. 16ನೆಯ ಶತಮಾನದಲ್ಲಿ ರಾಣಿ ಎಲಿಜಬೆತ್ ಕಾಲದ ಇಂಗ್ಲೆಂಡಿಗೆ ಗಣಿವಿದ್ಯೆ ಸಾಲದೆ ಜರ್ಮನಿಯಿಂದ ಕುಶಲಕರ್ಮಿಗಳನ್ನು ಕರೆಸಿಕೊಂಡಿದ್ದರು. ಅದಿರು ತುಂಬಿ ಮೇಲೆ ತರುವ ಪೆಟ್ಟಿಗೆ ‘ಸ್ಕಿಪ್’. ಉತ್ತರ ಯುರೋಪಿನ ಹಳೆಯ ಮಾತಿನಲ್ಲಿ ಅದು ಬುಟ್ಟಿ. ತಳದಲ್ಲಿ ನೀರು ನಿಲ್ಲುವ ಗುಂಡಿ ‘ಸಂಪ್’, ಮೂಲದಲ್ಲಿ ಜೌಗು. ಇವತ್ತು ಬೆಂಗಳೂರಿನ ಮನೆಮನೆಯಲ್ಲೂ ಸಂಪ್ ಇದೆ. ಇವೆಲ್ಲಕ್ಕಿಂತ ಮನಸ್ಸು ತಟ್ಟುವುದು ‘ಸಾಲರ್’ ಎಂಬ ಪದ. ಕಾರ್ನ್‌ವಾಲಿನ ಗಣಿಗಳಲ್ಲಿ ಏಣಿಯಿಂದ ಏಣಿಗೆ ಇಳಿಯುವಾಗ ನಡುವೆ ಕಾಲೂರಲು ಹಾಕಿದ ಹಲಗೆಯ ಅಟ್ಟಕ್ಕೆ ಆ ಹೆಸರು. ಲ್ಯಾಟಿನ್ನಿನಲ್ಲಿ ಅದೇ ಪದಕ್ಕೆ ಬಿಸಿಲು ಬೀಳುವ ಮಾಳಿಗೆ ಎಂದರ್ಥ. ಅದರೊಳಗೆ ಸೂರ್ಯನ ಹೆಸರಿದೆ. ರೋಮನ್ ಸಿರಿವಂತರ ಬಿಸಿಲುಮಚ್ಚು ಶತಮಾನಗಳು ಉರುಳಿದಂತೆ ಬರೀ ಮಾಳಿಗೆಯಾಗಿ, ಮಾಳಿಗೆ ಬರೀ ಅಟ್ಟವಾಗಿ, ಕೊನೆಗೆ ಸೂರ್ಯನ ಬೆಳಕೇ ಕಾಣದ ಜಾಗದ ಹಲಗೆಯಾಯಿತು. ಪದವನ್ನು ಹೀಗೆ ಕೆಳಕ್ಕಿಳಿಸಿದವರು ಪಂಡಿತರಲ್ಲ. ಆ ಹಲಗೆಯ ಮೇಲೆ ನಿಂತು ಉಸಿರು ಸುಧಾರಿಸಿಕೊಂಡ ಕೂಲಿಕಾರರು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಪದದ ಹುಟ್ಟೇ ಅದರ ಅರ್ಥವಲ್ಲ, ಸ್ಟೋಪಿನಲ್ಲಿ ದುಡಿದವನಿಗೆ ಅದು ಮೆಟ್ಟಿಲಿನ ಕುಲದ್ದೋ ಅಲ್ಲವೋ ಎಂಬುದರಿಂದ ಏನೂ ಆಗಬೇಕಾಗಿರಲಿಲ್ಲ, ಇನ್ನು ಎಷ್ಟೋ ವ್ಯುತ್ಪತ್ತಿಗಳು ಬರೀ ಊಹೆ ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಬೆಣಚುಕಲ್ಲಿಗಿರುವ ‘ಕ್ವಾರ್ಟ್ಜ್’ ಎಂಬ ಜರ್ಮನ್ ಹೆಸರು ಸ್ಲಾವ್ ಭಾಷೆಗಳಿಂದ ಬಂದಿರಬಹುದು ಎನ್ನುವುದು ಸಂಭವ ಮಾತ್ರ. ಅಳತೆಯ ಲೆಕ್ಕದಲ್ಲಿ ಗುತ್ತಿಗೆ ಹಿಡಿದು ಮಾಡುವ ಕೆಲಸಕ್ಕೆ ಕಾರ್ನ್‌ವಾಲಿನಲ್ಲಿದ್ದ ‘ಟಟ್‌ವರ್ಕ್’ ಎಂಬ ಪದದ ಮೊದಲ ಅರ್ಧದ ಮೂಲ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಈ ಆಕ್ಷೇಪ ನನ್ನ ವಾದವನ್ನು ಗಟ್ಟಿಮಾಡುತ್ತದೆ. ಹುಟ್ಟು ಪದದ ಪ್ರಯಾಣವನ್ನು ತೋರಿಸುತ್ತದೆ, ಅರ್ಥವನ್ನು ತೀರ್ಮಾನಿಸುವುದು ಕೆಲಸ. ಇದಕ್ಕೆ ಒಳ್ಳೆಯ ಸಾಕ್ಷಿ ಜರ್ಮನ್ ವಿದ್ವಾಂಸ ಅಗ್ರಿಕೋಲ ಲ್ಯಾಟಿನ್ನಿನಲ್ಲಿ ಬರೆದ, 1556ರಲ್ಲಿ ಪ್ರಕಟವಾದ ಗಣಿಶಾಸ್ತ್ರದ ಗ್ರಂಥ. ಆ ಕಾಲದ ಗಣಿಕೆಲಸಕ್ಕೆ ಲ್ಯಾಟಿನ್ನಿನಲ್ಲಿ ಪದಗಳೇ ಇರಲಿಲ್ಲವಾದ್ದರಿಂದ ಅವರು ಅನೇಕ ಪದಗಳನ್ನು ತಾವೇ ಕಟ್ಟಿದರು. ಲ್ಯಾಟಿನ್ ಚೆನ್ನಾಗಿ ಬಲ್ಲವರಿಗೂ ಆ ಪುಸ್ತಕ ಬಿಡಿಸಲಾಗದ ಕಗ್ಗಂಟಾಯಿತು. ಅದನ್ನು 1912ರಲ್ಲಿ ಇಂಗ್ಲಿಷಿಗೆ ತಂದವರು ಹರ್ಬರ್ಟ್ ಹೂವರ್ ಮತ್ತು ಅವರ ಪತ್ನಿ ಲೂ ಹೂವರ್. ಹೂವರ್ ಗಣಿ ಎಂಜಿನಿಯರ್, ಮುಂದೆ ಅಮೆರಿಕದ ಅಧ್ಯಕ್ಷರಾದವರು. ಲೂ ಹೂವರ್ ಭೂವಿಜ್ಞಾನ ಓದಿದವರು, ಲ್ಯಾಟಿನ್ ಬಲ್ಲವರು. ಪದ ಅರ್ಥವಾಗದಿದ್ದಾಗ ಅವರಿಬ್ಬರೂ ಪದ ಸೂಚಿಸುವ ಕೆಲಸವನ್ನು ಪರೀಕ್ಷಿಸಿ ನೋಡಿ ಅರ್ಥ ನಿರ್ಧರಿಸಿದರು. ವ್ಯಾಕರಣ ಬಿಡಿಸಲಾಗದ್ದನ್ನು ವೃತ್ತಿಜ್ಞಾನ ಬಿಡಿಸಿತು.

ಕೋಲಾರದಲ್ಲೇ ಇದಕ್ಕಿಂತ ತೂಕದ ಉದಾಹರಣೆಯಿದೆ. ಗಣಿ ಆಳಕ್ಕೆ ಹೋದಂತೆ ಸುತ್ತಲ ಬಂಡೆಯ ಒತ್ತಡ ತಾಳಲಾರದಷ್ಟಾಗಿ, ಕಲ್ಲು ಇದ್ದಕ್ಕಿದ್ದಂತೆ ಸಿಡಿದು ಸುರಂಗಗಳನ್ನು ಮುಚ್ಚಿಬಿಡುತ್ತಿತ್ತು. ಮೇಲಿನ ಊರು ನಡುಗುತ್ತಿತ್ತು. ಮೊದಮೊದಲು ಇದನ್ನು ‘ಏರ್ ಬ್ಲಾಸ್ಟ್’ ಎಂದರು. ಒಳಗಿದ್ದವರಿಗೆ ಮೊದಲು ತಟ್ಟುತ್ತಿದ್ದದ್ದು ಸುರಂಗದುದ್ದಕ್ಕೂ ನುಗ್ಗಿಬರುವ ಗಾಳಿಯ ಹೊಡೆತ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಸ್ಮೀತ್ 1904ರಲ್ಲಿ ಈ ಕುರಿತು ಬರೆದ ವರದಿಯ ಶೀರ್ಷಿಕೆಯಲ್ಲೂ ‘ಏರ್ ಬ್ಲಾಸ್ಟ್’ ಎಂದೇ ಇದೆ. ಕ್ರಮೇಣ ಗಾಳಿಯದು ತಪ್ಪಿಲ್ಲ, ಸಿಡಿಯುವುದು ಬಂಡೆ ಎಂದು ಖಚಿತವಾದ ಮೇಲೆ ‘ರಾಕ್ ಬರ್ಸ್ಟ್’ ಎಂಬ ಹೆಸರು ನೆಲೆಯೂರಿತು. ಹಳೆಯ ಹೆಸರು ಪರಿಣಾಮವನ್ನು ಹೇಳಿದರೆ ಹೊಸದು ಕಾರಣವನ್ನು ಹೇಳಿತು. ಈ ಎರಡು ಹೆಸರುಗಳ ನಡುವೆ ಎಷ್ಟೋ ಕಾರ್ಮಿಕರ ಪ್ರಾಣ ಹೋಗಿದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. 1988ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಕೆಜಿಎಫ್‌ನಲ್ಲಿ ಶುರುವಾದದ್ದಕ್ಕೂ ಈ ಊರಿನ ಈ ಅನುಭವಕ್ಕೂ ನೇರ ನಂಟಿದೆ. ಇವತ್ತು ಜಗತ್ತಿನ ಯಾವ ಗಣಿ ಎಂಜಿನಿಯರ್ ರಾಕ್ ಬರ್ಸ್ಟ್ ಎಂದರೂ ಆ ಪದದ ಅರ್ಥದಲ್ಲಿ ಕೋಲಾರದವರು ತೆತ್ತ ಬೆಲೆ ಸೇರಿದೆ.

ಕಲ್ಲನ್ನು ಮೇಲೆ ತಂದ ಮೇಲೆ ಅದರಲ್ಲಿ ಚಿನ್ನ ಎಷ್ಟಿದೆ ಎಂದು ಪರೀಕ್ಷಿಸುವುದಕ್ಕೆ ‘ಅಸೇ’ ಎನ್ನುತ್ತಾರೆ. ತೂಗುವುದು ಎಂಬರ್ಥದ ಲ್ಯಾಟಿನ್ ಪದ ಫ್ರೆಂಚಿನಲ್ಲಿ ಪರೀಕ್ಷೆ, ಪ್ರಯತ್ನ ಎಂದಾಯಿತು. ಅದರಿಂದ ಎರಡು ಇಂಗ್ಲಿಷ್ ಪದಗಳು ಕವಲೊಡೆದವು: ಲೋಹ ಪರೀಕ್ಷೆಯ ‘ಅಸೇ’, ಮತ್ತು ನಾವು ಪ್ರಬಂಧ ಎಂದು ಕರೆಯುವ ‘ಎಸ್ಸೇ’. 1580ರಲ್ಲಿ ಫ್ರಾನ್ಸಿನ ಮೊಂಟೇನ್ ತಮ್ಮ ಬರಹಗಳಿಗೆ ಆ ಹೆಸರಿಟ್ಟಾಗ, ಆಲೋಚನೆಯನ್ನು ತೂಗಿ ನೋಡುತ್ತಿದ್ದೇನೆ ಎಂಬ ಭಾವ ಅದರಲ್ಲಿತ್ತು. ಚಿನ್ನದ ಅಳತೆಯ ‘ಕ್ಯಾರಟ್’ ಪದ ಗ್ರೀಕರ ಕ್ಯಾರಬ್ ಮರದ ಕಾಯಿಯ ಹೆಸರು. ಅದರ ಬೀಜವನ್ನು ತೂಕದ ಬೊಟ್ಟಾಗಿ ಬಳಸುತ್ತಿದ್ದರು. ನಮ್ಮ ಅಕ್ಕಸಾಲಿಗರ ತಕ್ಕಡಿಯಲ್ಲಿ ಗುಲಗಂಜಿ ಮಾಡುತ್ತಿದ್ದ ಕೆಲಸವೂ ಅದೇ. ಮೆಡಿಟರೇನಿಯನ್ ತೀರದವರಿಗೆ ಕ್ಯಾರಬ್ ಬೀಜ ಸಿಕ್ಕಿತು, ನಮಗೆ ಗುಲಗಂಜಿ ಸಿಕ್ಕಿತು. ಚಿನ್ನ ತೂಗಬೇಕಾದ ಅಗತ್ಯ ಇಬ್ಬರಿಗೂ ಒಂದೇ. ಕೋಲಾರದ ಚಿನ್ನಕ್ಕೆ ಆಸರೆಯಾದ ಕಪ್ಪುಹಸುರು ಕಲ್ಲಿನ ಖನಿಜದ ಹೆಸರಂತೂ ಗಣಿಗಾರರ ನಿರಾಶೆಯ ದಾಖಲೆ. ‘ಹಾರ್ನ್‌ಬ್ಲೆಂಡ್’ ಜರ್ಮನ್ ಪದ. ‘ಬ್ಲೆಂಡ್’ ಎಂದರೆ ಕಣ್ಣಿಗೆ ಮಣ್ಣೆರಚುವುದು. ಅದಿರಿನಂತೆ ಹೊಳೆದು, ಕುಲುಮೆಗೆ ಹಾಕಿದರೆ ಲೋಹ ಕೊಡದೆ ಮೋಸ ಮಾಡುವ ಕಲ್ಲು ಎಂದು ಅವರು ಹಾಗೆ ಕರೆದರು. ಆ ಹೆಸರಿನ ಕಲ್ಲಿನ ಪಟ್ಟಿಯೊಳಗೇ ಕೋಲಾರದಲ್ಲಿ ಸುಮಾರು 800 ಟನ್ ಚಿನ್ನ ಸಿಕ್ಕಿತು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಇವೆಲ್ಲ ಆಳಿದವರ ಮಾತು, ಚಿನ್ನವನ್ನು ಹಡಗೇರಿಸಿ ಕೊಂಡೊಯ್ದವರ ಮಾತು. ಅವುಗಳನ್ನು ನಾವೇಕೆ ತಲೆಯ ಮೇಲೆ ಹೊತ್ತುಕೊಳ್ಳಬೇಕು ಎಂಬ ಪ್ರಶ್ನೆ. ಅನ್ಯಾಯ ನಡೆದದ್ದು ನಿಜ, ಅದನ್ನು ಪದಗಳೇ ಹೇಳುತ್ತವೆ. ಮೇಲಿನವನು ಕ್ಯಾಪ್ಟನ್, ಕೆಳಗಿನವನು ಕೂಲಿ. ಒಬ್ಬನಿಗೆ ಬಂಗಲೆ, ಇನ್ನೊಬ್ಬನಿಗೆ ‘ಲೈನ್’ ಎಂದು ಕರೆಸಿಕೊಂಡ ತಟ್ಟಿಗುಡಿಸಲುಗಳ ಸಾಲು. ಬೆಣಚುಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ‘ಸಿಲಿಕೋಸಿಸ್’ ಎಂಬ ಕಾಯಿಲೆಯ ಹೆಸರಿನ ಮೂಲದಲ್ಲಿರುವುದು ಲ್ಯಾಟಿನ್ನಿನ ಚಕಮಕಿ ಕಲ್ಲು. 1940ರ ದಶಕದಲ್ಲಿ ನಡೆದ ತಪಾಸಣೆಯಲ್ಲಿ ಕೆಜಿಎಫ್ ಕಾರ್ಮಿಕರ ಪೈಕಿ ಪ್ರತಿ 10 ಜನರಲ್ಲಿ 4ಕ್ಕೂ ಹೆಚ್ಚು ಜನರಲ್ಲಿ ಅದು ಕಂಡುಬಂತು. ಈ ಪದವನ್ನು ಅನ್ಯರದೆಂದು ಬಿಟ್ಟರೆ ಆ ನೋವಿನ ಸಾಕ್ಷ್ಯವನ್ನೂ ಬಿಟ್ಟಂತಾಗುತ್ತದೆ. ಪದಗಳ ಸಂಚಾರ ಒಂದೇ ದಿಕ್ಕಿನಲ್ಲಿ ನಡೆದದ್ದೂ ಅಲ್ಲ. ಕೂಲಿ ಎಂಬ ಇಂಗ್ಲಿಷ್ ಪದ ತಮಿಳಿನ ಕೂಲಿಯಿಂದಲೋ ಗುಜರಾತಿನ ಕೋಲಿ ಜನರ ಹೆಸರಿನಿಂದಲೋ ಹೋದದ್ದು. ಎರಡರಲ್ಲಿ ಯಾವುದಾದರೂ ಮೂಲ ಈ ದೇಶದ್ದೇ. ಇಂಗ್ಲಿಷಿನವರು ‘ಫನಂ’ ಎಂದು ಬರೆದದ್ದು ನಮ್ಮ ಹಣವನ್ನು. ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯ ಹಣ ಎಂಬ ಪುಟ್ಟ ಚಿನ್ನದ ನಾಣ್ಯ ಇಂಗ್ಲಿಷರ ಲೆಕ್ಕಪುಸ್ತಕಗಳಲ್ಲಿ ಆ ಹೆಸರಿನಲ್ಲೇ ಇದೆ. ಸಾಣೆಗಲ್ಲಿಗೆ ಬೇಕಾದ ‘ಕೊರಂಡಂ’ ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದಗಳ ಸಂತತಿ. ನಮ್ಮ ಮೇಸ್ತ್ರಿ ಪೋರ್ಚುಗೀಸರಿಂದ ಬಂದು, ನಮ್ಮಿಂದ ಇಂಗ್ಲಿಷ್ ನಿಘಂಟಿಗೆ ಹೋದ. ಬ್ರಿಟಿಷರು 1886ರಲ್ಲಿ ‘ಹಾಬ್ಸನ್-ಜಾಬ್ಸನ್’ ಎಂಬ ದಪ್ಪ ಕೋಶದಲ್ಲಿ ಇಂಥ ಭಾರತೀಯ ಪದಗಳನ್ನು ಶ್ರದ್ಧೆಯಿಂದ ಕೂಡಿಹಾಕಿದರು. ನಮ್ಮ ಮಾತನ್ನು ಅವರು ಕೂಡಿಟ್ಟುಕೊಂಡರು. ನಮ್ಮವರು ಬೆವರು ಸುರಿಸಿ ಗಳಿಸಿದ ಮಾತನ್ನು ನಾವೇಕೆ ಕೂಡಿಟ್ಟುಕೊಳ್ಳಬಾರದು?

ಕನ್ನಡಕ್ಕೆ ಚಿನ್ನದ ಕೆಲಸದ ಮಾತು ಇರಲಿಲ್ಲ ಎಂದು ಯಾರೂ ತಿಳಿಯಬಾರದು. ಧಾರವಾಡ ಸೀಮೆಯ ಕಪ್ಪತಗುಡ್ಡದ ಸುತ್ತ ಹಳ್ಳದ ಮರಳನ್ನು ಜಾಲಿಸಿ ಚಿನ್ನ ತೆಗೆಯುತ್ತಿದ್ದವರನ್ನು ಜಲಗಾರರು ಎನ್ನುತ್ತಿದ್ದರು. 19ನೆಯ ಶತಮಾನದಲ್ಲಿ ಅಲ್ಲಿ ಸಮೀಕ್ಷೆ ನಡೆಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಜಲಗಾರರ ಬಗ್ಗೆ ಬರೆದಿದ್ದಾರೆ. ಮರಗೆಯಲ್ಲಿ ಮಣ್ಣು ನೀರು ಕಲಸಿ, ಕೈ ಒಂದೇ ಹದದಲ್ಲಿ ಆಡಿಸುತ್ತ, ಹಗುರಾದ ಮಣ್ಣನ್ನು ಹರಿಯಬಿಟ್ಟು ಭಾರವಾದ ಕಣವನ್ನು ತಳದಲ್ಲಿ ಉಳಿಸಿಕೊಳ್ಳುವ ವಿದ್ಯೆ ಅವರದು. ಇವತ್ತು ಜಲಗಾರ ಎಂದರೆ ನಮಗೆ ನೆನಪಾಗುವುದು ಕುವೆಂಪು ಅವರ ನಾಟಕ. ಅಲ್ಲಿ ಜಲಗಾರ ಬೀದಿ ಗುಡಿಸುವವನು. ಆ ಅರ್ಥವೂ ಗೌರವದ್ದೇ. ಆದರೆ ಚಿನ್ನ ಜಾಲಿಸುವ ಕಸುಬು ನಿಂತದ್ದರಿಂದ ಮೊದಲಿನ ಅರ್ಥ ಬಹುಪಾಲು ಕನ್ನಡಿಗರ ನೆನಪಿನಿಂದ ಜಾರಿಹೋಯಿತು. ಕಸುಬು ನಿಂತರೆ ಪದಕ್ಕೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯೊಳಗಿನ ಸಾಕ್ಷಿ ಇದು. ಹಾಗೆಯೇ ಸ್ಟೋಪ್, ವಿಂಜ್, ಸ್ಕಿಪ್‌ಗಳೂ ಮುಂದಿನ ತಲೆಮಾರಿನಲ್ಲಿ ಅರ್ಥ ಕಳೆದುಕೊಂಡು ಹೋಗಲಿವೆ.

ಈ ಆತಂಕವನ್ನು ಕಾರ್ನ್‌ವಾಲಿನ ಕಥೆಯ ಪಕ್ಕದಲ್ಲಿಟ್ಟು ನೋಡಬೇಕು. ಆ ಸೀಮೆಗೆ ಇಂಗ್ಲಿಷಿನಿಂದ ಬೇರೆಯಾದ, ತನ್ನದೇ ಕಾರ್ನಿಷ್ ಭಾಷೆಯಿತ್ತು. 18ನೆಯ ಶತಮಾನ ಮುಗಿಯುವ ಹೊತ್ತಿಗೆ ಅದು ಮನೆಮಾತಾಗಿ ಉಳಿದಿರಲಿಲ್ಲ. ಆದರೆ ಗಣಿಗಳು ನಡೆಯುತ್ತಿದ್ದವು. ಗಣಿಯ ಪದಗಳು ಇಂಗ್ಲಿಷ್ ಮಾತಿನೊಳಗೇ ಬದುಕಿಕೊಂಡವು. ಅಲ್ಲಿನ ನೂರಾರು ಗಣಿಗಳ ಹೆಸರಿನ ಮೊದಲಲ್ಲಿ ಬರುವ ‘ವೀಲ್’ ಎಂಬ ಪದಕ್ಕೆ ಕಾರ್ನಿಷ್‌ನಲ್ಲಿ ಕೆಲಸ ಎಂದರ್ಥ. ಬಂಡೆಯೊಳಗೆ ಹರಳುಗಟ್ಟಿದ ಪೊಳ್ಳಿಗೆ ‘ವಗ್’ ಎನ್ನುತ್ತಾರೆ. ಅದು ಕಾರ್ನಿಷ್‌ನ ಗುಹೆ. ಭಾಷೆ ಹೋದರೂ ಕೆಲಸ ನಡೆಯುತ್ತಿದ್ದರೆ ಪದ ಉಳಿಯುತ್ತದೆ ಎಂದು ಅವು ತೋರಿಸಿಕೊಟ್ಟಿವೆ. ಕೆಜಿಎಫ್‌ನಲ್ಲಿ ಆದದ್ದು ಇದಕ್ಕೆ ತಿರುವುಮುರುವು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಅಲ್ಲಿ ತಮಿಳು ಇದೆ, ತೆಲುಗು, ಕನ್ನಡ, ಉರ್ದು ಎಲ್ಲವೂ ಇವೆ. ಇಲ್ಲದ್ದು ಕೆಲಸ. ಕೆಲಸವಿಲ್ಲದ ಮೇಲೆ ಪದ ತಾನಾಗಿ ಉಳಿಯುವುದಿಲ್ಲ. ಬರೆದಿಟ್ಟರೆ ಮಾತ್ರ ಉಳಿಯುತ್ತದೆ. ಗಣಿ ಮುಚ್ಚಿದಾಗ ಮೂವತ್ತರ ಹರೆಯದಲ್ಲಿದ್ದವರಿಗೆ ಈಗ ಐವತ್ತು ದಾಟಿದೆ. ಅವರಿಗಿಂತ ಹಿರಿಯರಾಗಿದ್ದ ಎಷ್ಟೋ ಜನ ಇವತ್ತು ನಮ್ಮೊಂದಿಗಿಲ್ಲ.

ಕೊನೆಯ ಆಕ್ಷೇಪ: ಗಣಿಯಲ್ಲಿ ದುಡಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ ಕಡೆಯಿಂದ ಬಂದ ತಮಿಳರು, ಅದರಲ್ಲೂ ದಲಿತರು, ಅವರ ಮಾತಿಗೂ ಕನ್ನಡಕ್ಕೂ ಏನು ಸಂಬಂಧ? ಸಂಬಂಧ ಇದೆ. ಆ ಕುಟುಂಬಗಳು ನಾಲ್ಕೈದು ತಲೆಮಾರಿನಿಂದ ಈ ನಾಡಿನವು. ಗಣಿಗೆ ವಿದ್ಯುತ್ ಕೊಟ್ಟದ್ದು ಶಿವನಸಮುದ್ರದ ಕಾವೇರಿ, 1902ರಲ್ಲಿ; ಕುಡಿಯುವ ನೀರು ಕೊಟ್ಟದ್ದು ಪಾಲಾರ್ ಹೊಳೆಯ ಬೇತಮಂಗಲದ ಕೆರೆ. ನಾಡಿನ ನೀರು ಬೆಳಕುಗಳಲ್ಲಿ ಪಾಲು ಕೊಟ್ಟಿದ್ದೇವೆ, ಅವರ ದುಡಿಮೆಯ ಫಲದಲ್ಲಿ ಪಾಲು ಪಡೆದಿದ್ದೇವೆ. ಅವರ ಮಾತನ್ನು ಮಾತ್ರ ಹೊರಗಿನದೆನ್ನುವುದು ನ್ಯಾಯವಲ್ಲ. ಕನ್ನಡದಲ್ಲಿ ದಾಖಲಿಸಿದರೆ ತಮಿಳಿಗೆ ನಷ್ಟವೇನೂ ಆಗುವುದಿಲ್ಲ. ಕಿಟೆಲ್ ಅವರ ಕನ್ನಡ ನಿಘಂಟು ಪ್ರಕಟವಾದದ್ದು 1894ರಲ್ಲಿ. ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ರೈಲು ಓಡಿದ್ದೂ ಅದೇ ವರ್ಷ. ಒಬ್ಬ ಜರ್ಮನ್ ಪಾದ್ರಿ ನಮ್ಮ ಮಾತುಗಳನ್ನು ಹಳ್ಳಿಹಳ್ಳಿಯಿಂದ ಆಯುತ್ತಿದ್ದ ಕಾಲದಲ್ಲೇ ಇಲ್ಲಿ ಒಂದು ಹೊಸ ಪದಭಂಡಾರ ಹುಟ್ಟುತ್ತಿತ್ತು. ಆ ಭಂಡಾರಕ್ಕೆ ಇನ್ನೂ ಕಿಟೆಲ್ ಸಿಕ್ಕಿಲ್ಲ.

ಹಾಗಾದರೆ ಆಗಬೇಕಾದ್ದೇನು? ಕೆಜಿಎಫ್ ಗಣಿಗೆ ಒಂದು ವೃತ್ತಿಪದಕೋಶ ಬೇಕು. ಅದರಲ್ಲಿ ಪ್ರತಿಯೊಂದು ಪದಕ್ಕೂ ನಾಲ್ಕು ವಿಷಯ ಇರಲಿ: ಇಲ್ಲಿನ ಜನ ಅದನ್ನು ಉಚ್ಚರಿಸುತ್ತಿದ್ದ ರೀತಿ, ಅದು ಸೂಚಿಸುವ ಕೆಲಸದ ವಿವರ, ಸಾಧ್ಯವಾದರೆ ಒಂದು ಚಿತ್ರ, ಖಚಿತವಾಗಿ ಗೊತ್ತಿದ್ದರೆ ಮಾತ್ರ ಅದರ ಹುಟ್ಟು. ಕೆಲಸ ಮಾಡಿದವರ ಬಾಯಿಂದಲೇ ಕೇಳಿ, ಧ್ವನಿಮುದ್ರಿಸಿ ಇದನ್ನು ಸಿದ್ಧಪಡಿಸಬೇಕು. ಇಂಗ್ಲಿಷ್ ನಿಘಂಟು ಮುಂದಿಟ್ಟುಕೊಂಡು ಅನುವಾದಿಸಿದರೆ ಆಗದು. ಸಂಪ್‌ನಂಥ ಪದಗಳನ್ನು ಹಾಗೆಯೇ ಉಳಿಸಿಕೊಳ್ಳೋಣ, ಅವು ಈಗಾಗಲೇ ಕನ್ನಡವಾಗಿವೆ. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು, ಕೋಲಾರ ಜಿಲ್ಲೆಯ ಕಾಲೇಜುಗಳ ಅಧ್ಯಾಪಕರು, ನಿವೃತ್ತ ಗಣಿ ಕಾರ್ಮಿಕರ ಸಂಘಗಳು ಒಟ್ಟಾದರೆ ಎರಡು ಮೂರು ವರ್ಷಗಳಲ್ಲಿ ಮುಗಿಯಬಹುದಾದ ಕೆಲಸವಿದು. ಪದದ ಮೂಲ ಎಲ್ಲಿಯದಾದರೂ ಇರಲಿ, ಅದಕ್ಕೆ ಅರ್ಥ ಕೊಟ್ಟವರು ಅದರ ಒಡೆಯರು. ಕೋಲಾರದ ಚಿನ್ನ ನಮ್ಮ ಕೈಯಲ್ಲಿ ಉಳಿಯಲಿಲ್ಲ. ಅದನ್ನು ತೆಗೆದವರ ಮಾತನ್ನು ಉಳಿಸಿಕೊಳ್ಳುವುದು ಇನ್ನೂ ನಮ್ಮ ಕೈಯಲ್ಲೇ ಇದೆ.